ನೆರಳಿಲ್ಲದ ಹೊತ್ತಿನ ಧಾರೆ

ಏಪ್ರಿಲ್ ಕೊನೆಯ ವಾರದ ಮದುವೆಯ ಕರೆಯೋಲೆಯಲ್ಲಿ ‘ಅಭಿಜಿನ್ ಲಗ್ನದಲ್ಲಿ’ ಎಂದು ಅಚ್ಚಾಗಿದ್ದರೆ, ಅದನ್ನು ಪಂಚಾಂಗದ ಮಾತೆಂದು ಓದಿದ ಹಾಗೆಯೇ ಹವಾಮಾನದ ಮಾತೆಂದೂ ಓದಬೇಕು. ಬೆಂಗಳೂರು ಇರುವುದು ಸುಮಾರು 13 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ. ಹಾಗಾಗಿ ವರ್ಷಕ್ಕೆರಡು ಸಲ, ಏಪ್ರಿಲ್ 24ರ ಆಸುಪಾಸಿನಲ್ಲಿ ಒಮ್ಮೆ, ಆಗಸ್ಟ್ 18ರ ಆಸುಪಾಸಿನಲ್ಲಿ ಇನ್ನೊಮ್ಮೆ, ನಡುಹಗಲ ಸೂರ್ಯ ಊರಿನ ನೆತ್ತಿಗೇ ಬರುತ್ತಾನೆ. ಗಡಿಯಾರದ ಲೆಕ್ಕದಲ್ಲಿ ಏಪ್ರಿಲ್‌ನ ಆ ಹೊತ್ತು ಸುಮಾರು 12 ಗಂಟೆ 18 ನಿಮಿಷ. ಆಗ ನೆಟ್ಟಗೆ ನಿಂತ ಕಂಬಕ್ಕೆ ನೆರಳಿಲ್ಲ. ಅಭಿಜಿನ್ ಮುಹೂರ್ತವೆಂದರೂ ಇದೇ ನಡುಹಗಲನ್ನು ನಡುವಿಟ್ಟುಕೊಂಡ ಎರಡು ಗಳಿಗೆ, ಅಂದರೆ ಹನ್ನೆರಡಕ್ಕೆ ಆರು ನಿಮಿಷ ಇರುವಾಗ ಶುರುವಾಗಿ ಹನ್ನೆರಡೂ ಮುಕ್ಕಾಲರ ಹತ್ತಿರ ಮುಗಿಯುವ ನಲವತ್ತೆಂಟು ನಿಮಿಷ. ಗಟ್ಟಿಮೇಳ ಮೊಳಗುವ ಹೊತ್ತೂ ವರ್ಷದಲ್ಲೇ ಅತಿ ನೆಟ್ಟಗಿನ ಬಿಸಿಲು ಬೀಳುವ ಹೊತ್ತೂ ಒಂದೇ. ಒಂದು ದಿನಕ್ಕಷ್ಟೇ ಈ ಮಾತು ಮುಗಿಯುವುದಿಲ್ಲ. ಏಪ್ರಿಲ್ ನಡುವಿನಿಂದ ಮೇ ಕೊನೆಯವರೆಗೂ ಇಲ್ಲಿನ ನಡುಹಗಲ ಸೂರ್ಯ ನೆತ್ತಿಯಿಂದ ಹತ್ತು ಡಿಗ್ರಿಗಿಂತ ಹೆಚ್ಚು ಓರೆಯಾಗುವುದಿಲ್ಲ. ವೈಶಾಖದ ಮದುವೆಗಳು ಬಹುಪಾಲು ಈ ಅವಧಿಯೊಳಗೇ ಬರುತ್ತವೆ. ಧನುರ್ಮಾಸದಲ್ಲಿ ಮದುವೆ ಮಾಡುವುದಿಲ್ಲ, ಆಷಾಢದಲ್ಲಿ ಮಾಡುವುದಿಲ್ಲ, ಮಕ್ಕಳಿಗೆ ರಜೆ ಸಿಗುವುದು ಏಪ್ರಿಲ್, ಮೇ ತಿಂಗಳಲ್ಲಿ. ಹೀಗಾಗಿ ಬಸವನಗುಡಿ, ಚಾಮರಾಜಪೇಟೆ, ಮಲ್ಲೇಶ್ವರದ ಛತ್ರಗಳು ತುಂಬಿ ತುಳುಕುವುದೂ ಆಗಲೇ.

ಈ ಮದುವೆಗಳಿಗೆ ಬರುವವರು ಎತ್ತರದ ಒಣನಾಡಿಗೆ ಹೊರಟವರಂತೆ ಸಿದ್ಧವಾಗಿ ಬರಬೇಕು ಎಂಬುದು ನನ್ನ ವಾದ. ಬೆಂಗಳೂರನ್ನು ಮರುಭೂಮಿಯೆಂದು ಕರೆಯಲಾಗದು, ನಿಜ. ವರ್ಷಕ್ಕೆ ಸುಮಾರು 970 ಮಿಲಿಮೀಟರ್ ಮಳೆ ಬೀಳುವ ಊರಿದು. ಎತ್ತರದ ಮರುಭೂಮಿ ಎಂದರೆ ಲಡಾಖ್. ಅಲ್ಲಿ ಲೇಹ್ ಪಟ್ಟಣ ಸುಮಾರು 3,500 ಮೀಟರ್ ಎತ್ತರದಲ್ಲಿದೆ, ವರ್ಷದ ಮಳೆ 100 ಮಿಲಿಮೀಟರ್ ಸುತ್ತಮುತ್ತ. ಅಲ್ಲಿಗೆ ಹೋದವರು ಮೊದಲ ಎರಡು ದಿನ ಸುಮ್ಮನೆ ವಿಶ್ರಾಂತಿಯಲ್ಲಿದ್ದು ಉಸಿರು ಹೊಂದಿಸಿಕೊಳ್ಳಬೇಕು. ಬೆಂಗಳೂರಿನ 920 ಮೀಟರಿನಲ್ಲಿ ಉಸಿರಿಗೆ ಯಾವ ತೊಂದರೆಯೂ ಇಲ್ಲ. ಆದರೆ ಬೇರೆ ಎರಡು ವಿಷಯಗಳಲ್ಲಿ ನಮ್ಮ ಮಾರ್ಚ್, ಏಪ್ರಿಲ್ ತಿಂಗಳ ಮಧ್ಯಾಹ್ನ ಅಂಥ ನಾಡುಗಳ ಮಧ್ಯಾಹ್ನಕ್ಕೆ ಹತ್ತಿರವಾಗುತ್ತದೆ. ಒಂದು, ಬಿಸಿಲಿನ ತೀಕ್ಷ್ಣತೆ. ಎತ್ತರ ಸಾವಿರ ಮೀಟರ್ ಏರಿದರೆ ಚರ್ಮ ಸುಡುವ ಅತಿನೇರಳೆ ಕಿರಣ ಸುಮಾರು ಶೇಕಡ 10ರಷ್ಟು ಹೆಚ್ಚುತ್ತದೆ. ಸೂರ್ಯ ನೆತ್ತಿಯ ಮೇಲಿರುವ ಉಷ್ಣವಲಯದಲ್ಲಿ ಅದು ಮೊದಲೇ ಜಾಸ್ತಿ. ಇನ್ನೊಂದು, ಗಾಳಿಯ ಒಣತನ. ಕಡಲಿನ ತೇವ ಇನ್ನೂ ಘಟ್ಟ ಹತ್ತಿ ಬಂದಿರದ ಆ ದಿನಗಳಲ್ಲಿ ಮಧ್ಯಾಹ್ನದ ಆರ್ದ್ರತೆ ಶೇಕಡ 30ರ ಆಸುಪಾಸಿಗೆ ಇಳಿಯುತ್ತದೆ.

ಒಣತನದ ಬಗ್ಗೆ ಸ್ವಲ್ಪ ವಿವರವಾಗಿ ಹೇಳಬೇಕು, ಏಕೆಂದರೆ ಅತಿಥಿಗಳು ಎಡವುವುದೇ ಇಲ್ಲಿ. ಮಂಗಳೂರಿನಿಂದ, ಉಡುಪಿಯಿಂದ, ಚೆನ್ನೈಯಿಂದ ಬರುವ ನೆಂಟರು ಸೆಕೆಯನ್ನು ಬೆವರಿನಿಂದ ಅಳೆಯುತ್ತಾರೆ. ಕರಾವಳಿಯಲ್ಲಿ ಬೆವರು ಆರುವುದಿಲ್ಲ. ಬೆನ್ನ ಮೇಲೆ ಇಳಿಯುತ್ತದೆ, ರವಿಕೆ ಒದ್ದೆಯಾಗುತ್ತದೆ, ನೀರು ಕುಡಿಯಬೇಕೆಂದು ತಾನಾಗಿ ಅನಿಸುತ್ತದೆ. ಬೆಂಗಳೂರಿನಲ್ಲಿ ಬೆವರು ಹುಟ್ಟಿದ ಕೂಡಲೇ ಆರಿಹೋಗುತ್ತದೆ. ಮೈ ಒಣಗಿದ ಹಾಗೇ ಇರುತ್ತದೆ, ಆದ್ದರಿಂದ ಏನೂ ಕಳೆದಿಲ್ಲವೆಂದೇ ಅನಿಸುತ್ತದೆ. ಆದರೆ ಬಿಸಿಲಲ್ಲಿ ನಡೆಯುವ ದೇಹ ಗಂಟೆಗೆ ಅರ್ಧ ಲೀಟರಿಗೂ ಹೆಚ್ಚು ಬೆವರು ಕಳೆಯಬಲ್ಲದು. ಒಂದು ಲೀಟರ್ ಬೆವರು ಆರುವಾಗ ಮೈಯಿಂದ ಸುಮಾರು 580 ಕಿಲೋ ಕ್ಯಾಲೊರಿಯಷ್ಟು ಶಾಖವನ್ನು ಹೊತ್ತೊಯ್ಯುತ್ತದೆ. ಒಣಗಾಳಿಯ ಊರು ಹಿತವಾಗಿ ತೋರುವುದು ಇದರಿಂದಲೇ, ಮೋಸ ಮಾಡುವುದೂ ಇದರಿಂದಲೇ. ಮೈ ತಂಪಾಗಿರುವಷ್ಟು ಹೊತ್ತೂ ನೀರು ಮತ್ತು ಉಪ್ಪು ಖರ್ಚಾಗುತ್ತಿರುತ್ತವೆ. ಆ ಖರ್ಚು ಗೊತ್ತಾಗುವುದು ತಲೆ ಸುತ್ತಿದಾಗ.

‘ಬೆಂಗಳೂರಲ್ಲಿ ಎಂಥ ಬಿಸಿಲು’ ಎನ್ನುವವರಿಗೆ ದಾಖಲೆಯೇ ಉತ್ತರ ಕೊಡುತ್ತದೆ. ನಗರದ ವೀಕ್ಷಣಾಲಯದಲ್ಲಿ 1931ರ ಮೇ ತಿಂಗಳಲ್ಲಿ 38.9 ಡಿಗ್ರಿ ದಾಖಲಾಗಿತ್ತು. ಎಂಟು ದಶಕ ಹಾಗೇ ನಿಂತ ಆ ದಾಖಲೆ 2016ರ ಏಪ್ರಿಲ್‌ನಲ್ಲಿ 39.2 ಡಿಗ್ರಿಯೊಂದಿಗೆ ಮುರಿಯಿತು. 2024ರ ಏಪ್ರಿಲ್ 28ರಂದು 38.5 ಡಿಗ್ರಿ, ಆ ತಿಂಗಳಿಡೀ ನಗರದ ವೀಕ್ಷಣಾಲಯದಲ್ಲಿ ಮಳೆ ದಾಖಲಾಗಲಿಲ್ಲ. ಇನ್ನೂ ಮುಖ್ಯವಾದ ಮಾತೆಂದರೆ, ಬಯಲು ಪ್ರದೇಶದಲ್ಲಿ ಬಿಸಿಗಾಳಿ ಎಂದು ಸಾರಲು ಹವಾಮಾನ ಇಲಾಖೆ ಇಟ್ಟಿರುವ ಮೂಲ ಗೆರೆ 40 ಡಿಗ್ರಿ. ನಗರ ವೀಕ್ಷಣಾಲಯ ಆ ಗೆರೆಯನ್ನು ಒಮ್ಮೆಯೂ ಮುಟ್ಟಿಲ್ಲ. ಅಂದರೆ ಇಲ್ಲಿ ಎಚ್ಚರಿಕೆಯ ಸುದ್ದಿ ಬರಲಿಲ್ಲವೆಂಬ ಒಂದೇ ಕಾರಣಕ್ಕೆ ನೆಮ್ಮದಿಯಿಂದಿರುವಂತಿಲ್ಲ. ಇದಲ್ಲದೆ ಇಲಾಖೆಯ ಉಷ್ಣಮಾಪಕ ಇರುವುದು ಬಿಳಿ ಬಣ್ಣ ಬಳಿದ, ಗಾಳಿಯಾಡುವ ಮರದ ಪೆಟ್ಟಿಗೆಯೊಳಗೆ, ನೆರಳಿನಲ್ಲಿ. ಡಾಂಬರು ರಸ್ತೆಯ ಮೇಲೆ ನೆತ್ತಿಯ ಬಿಸಿಲಿಗೆ ಮೈಯೊಡ್ಡಿ, ಕಾರು ನಿಲ್ಲಿಸಿದ ಕಡೆಯಿಂದ ಛತ್ರದವರೆಗೆ ನಡೆಯುವ ಮನುಷ್ಯನ ಅನುಭವ ಆ ಅಂಕಿಯಲ್ಲಿ ಇರುವುದಿಲ್ಲ. ಏಪ್ರಿಲ್‌ನ ಸರಾಸರಿ ಗರಿಷ್ಠ 34 ಡಿಗ್ರಿ ಎಂದು ಓದಿದವರು ಅದು ನೆರಳಿನ ಲೆಕ್ಕ ಎಂಬುದನ್ನು ಮರೆಯಬಾರದು.

ಇದಕ್ಕೆ ಸಾಮಾನ್ಯವಾಗಿ ಬರುವ ಆಕ್ಷೇಪ ಒಂದಿದೆ: ಅಜ್ಜಿ ತಾತಂದಿರ ಕಾಲದಲ್ಲೂ ಮದುವೆ ವೈಶಾಖದಲ್ಲೇ ಆಗುತ್ತಿತ್ತು, ಕಂಚಿ ಪಟ್ಟೆ ಉಟ್ಟೇ ಆಗುತ್ತಿತ್ತು, ಯಾರಿಗೂ ಏನೂ ಆಗಲಿಲ್ಲವಲ್ಲ. ಯಾರಿಗೂ ಏನೂ ಆಗಲಿಲ್ಲ ಎನ್ನುವುದನ್ನು ನಾನು ಪೂರ್ತಿ ಒಪ್ಪುವುದಿಲ್ಲ. ಆಗ ಆದದ್ದನ್ನು ಯಾರೂ ಬಿಸಿಲಿನ ಲೆಕ್ಕಕ್ಕೆ ಹಚ್ಚುತ್ತಿರಲಿಲ್ಲ ಅಷ್ಟೆ. ಆದರೂ ಆಕ್ಷೇಪದಲ್ಲಿ ಹುರುಳಿದೆ, ಏಕೆಂದರೆ ಆ ಮದುವೆಗಳ ಏರ್ಪಾಡೇ ಬೇರೆ. 1892ರಲ್ಲಿ ರೂಪುಗೊಂಡ ಚಾಮರಾಜಪೇಟೆ, 1898ರ ಪ್ಲೇಗಿನ ಹೊತ್ತಿಗೆ ಬೆಳೆದ ಬಸವನಗುಡಿ ಮತ್ತು ಮಲ್ಲೇಶ್ವರ ಬಡಾವಣೆಗಳಲ್ಲಿ ಮನೆಯ ಮುಂದೆ ಅಂಗಳ, ಹಿಂದೆ ಹಿತ್ತಿಲು, ಬೀದಿಯ ಎರಡೂ ಬದಿ ಮರ. ಮದುವೆ ಮನೆಯ ಮುಂದೆಯೇ ತೆಂಗಿನ ಗರಿಯ ಚಪ್ಪರ ಏಳುತ್ತಿತ್ತು. ಹಸಿ ಗರಿಯ ಚಪ್ಪರ ಬಿಸಿಲನ್ನು ತಡೆಯುತ್ತದೆ, ಆದರೆ ಗಾಳಿಯನ್ನು ತಡೆಯುವುದಿಲ್ಲ. ಕಾದು ಕೆಳಕ್ಕೆ ಶಾಖ ಉಗುಳುವುದೂ ಇಲ್ಲ. ತಗಡಿನ ಶೀಟಿಗೆ ಆ ಗುಣವಿಲ್ಲ. ನೆಂಟರು ಎರಡು ಮೂರು ದಿನ ಮುಂಚೆ ಬಂದು ಅದೇ ನೆರಳಿನಲ್ಲಿ ಉಳಿಯುತ್ತಿದ್ದರು, ಊಟವಾದ ಮೇಲೆ ಜಮಖಾನದ ಮೇಲೆ ಒರಗಿ ಬಿಸಿಲು ಇಳಿಯುವವರೆಗೆ ಏಳುತ್ತಿರಲಿಲ್ಲ. ಈಗಿನ ಅತಿಥಿ ಬೆಳಗಿನ ಜಾವದ ಬಸ್ಸಿನಿಂದಿಳಿದು, ಎರಡು ಮದುವೆಗೆ ಒಂದೇ ದಿನ ಮುಖ ತೋರಿಸಿ, ನಡುಹಗಲಲ್ಲಿ ಊರಿನ ಒಂದು ತುದಿಯಿಂದ ಇನ್ನೊಂದು ತುದಿಗೆ ಓಡುತ್ತಾರೆ. ಬಟ್ಟೆ ಮಾತ್ರ ಅಜ್ಜಿಯ ಕಾಲದ್ದು. ಅಜ್ಜಿಗೆ ಸಿಕ್ಕಿದ ನೆರಳು, ಬಿಡುವು ಎರಡೂ ಇಲ್ಲ. ಮರಗಳು ಕಡಿಮೆಯಾಗಿ ಕಾಂಕ್ರೀಟು ಹೆಚ್ಚಿದ್ದರ ಪರಿಣಾಮವನ್ನು ಭಾರತೀಯ ವಿಜ್ಞಾನ ಸಂಸ್ಥೆಯ ಟಿ.ವಿ. ರಾಮಚಂದ್ರ ಅವರ ತಂಡ ವರ್ಷಗಳಿಂದ ದಾಖಲಿಸುತ್ತ ಬಂದಿದೆ.

ಹಳೆಯ ಬೆಂಗಳೂರು ತನ್ನ ಬೇಸಿಗೆಯ ದೊಡ್ಡ ಕೂಟಗಳನ್ನು ಯಾವ ಹೊತ್ತಿಗೆ ನಡೆಸುತ್ತದೆ ಎಂಬುದನ್ನೂ ನೋಡಬೇಕು. ಕರಗ ಹೊರಡುವುದು ಚೈತ್ರ ಹುಣ್ಣಿಮೆಯ ನಡುರಾತ್ರಿಯಲ್ಲಿ. 1939ರಲ್ಲಿ ಹುಟ್ಟಿದ ಶ್ರೀ ರಾಮಸೇವಾ ಮಂಡಳಿಯ ರಾಮೋತ್ಸವ ಚಾಮರಾಜಪೇಟೆಯ ಕೋಟೆ ಪ್ರೌಢಶಾಲೆಯ ಮೈದಾನದಲ್ಲಿ ಚಪ್ಪರ ಹಾಕಿ ಸಂಜೆಯ ಕಚೇರಿಗಳನ್ನು ನಡೆಸುತ್ತದೆ. ಸಾವಿರಾರು ಜನ ಸೇರುವ ಕೂಟಗಳಲ್ಲಿ ನಡುಹಗಲಿಗೇ ಅಂಟಿಕೊಂಡಿರುವುದು ಮದುವೆ. ಅದಕ್ಕೆ ಕಾರಣ ಲಗ್ನ. ಅದನ್ನು ಅತಿಥಿ ಬದಲಿಸಲಾರ. ಬದಲಿಸಬಹುದಾದದ್ದು ತಾನು ಮನೆ ಬಿಡುವ ಹೊತ್ತು. ಧಾರೆ ಹನ್ನೆರಡಕ್ಕಿದ್ದರೆ ಹತ್ತಕ್ಕೇ ಛತ್ರ ಸೇರುವುದು ಮೇಲು. ಆಗ ಬಿಸಿಲಿನ್ನೂ ಓರೆ, ವಾಹನ ನಿಲ್ಲಿಸಲು ಹತ್ತಿರದಲ್ಲೇ ಜಾಗ ಸಿಗುವ ಸಂಭವ ಹೆಚ್ಚು, ತಿಂಡಿಯನ್ನೂ ಇನ್ನೂ ಎತ್ತಿರುವುದಿಲ್ಲ. ಹನ್ನೊಂದೂವರೆಗೆ ಬಂದವರು ಗಾಂಧಿ ಬಜಾರಿನ ಸುತ್ತಲೋ ಸಂಪಿಗೆ ರಸ್ತೆಯ ಅಡ್ಡರಸ್ತೆಗಳಲ್ಲೋ ಕಾರಿಗೆ ಜಾಗ ಹುಡುಕುತ್ತ ಅರ್ಧ ಗಂಟೆ ಕಳೆದು, ಆ ಮೇಲೆ ಮಕ್ಕಳನ್ನು ಎತ್ತಿಕೊಂಡು ನಡೆಯಬೇಕಾಗುತ್ತದೆ. ಮೆಟ್ರೊದ ಹಸಿರು ಮಾರ್ಗ ಈ ಮೂರು ಬಡಾವಣೆಗಳಿಗೂ ಹತ್ತಿರ: ಬಸವನಗುಡಿಗೆ ನ್ಯಾಷನಲ್ ಕಾಲೇಜು ನಿಲ್ದಾಣ, ಚಾಮರಾಜಪೇಟೆಗೆ ಕೃಷ್ಣರಾಜೇಂದ್ರ ಮಾರುಕಟ್ಟೆ, ಮಲ್ಲೇಶ್ವರಕ್ಕೆ ಮಂತ್ರಿ ಸ್ಕ್ವೇರ್ ಸಂಪಿಗೆ ರಸ್ತೆ ನಿಲ್ದಾಣ. ನಿಲ್ದಾಣದಿಂದ ಆಟೊ ಹಿಡಿದರೆ ಬಿಸಿಲಿನ ನಡಿಗೆ ಕೆಲವೇ ಹೆಜ್ಜೆ.

ನಡೆಯಲೇಬೇಕಾದವರಿಗೆ ಒಂದು ಮಾತು. ‘ನೆರಳಿರುವ ಕಡೆ ನಡಿ’ ಎಂಬ ಮನೆಯ ಹಿರಿಯರ ಬುದ್ಧಿವಾದ ಬೆಳಗ್ಗೆ ಒಂಬತ್ತಕ್ಕೆ, ಸಂಜೆ ನಾಲ್ಕಕ್ಕೆ ಸರಿ. ಏಪ್ರಿಲ್ ಕೊನೆಯ ವಾರದ ನಡುಹಗಲಲ್ಲಿ ಕಟ್ಟಡಗಳಿಗೆ ನೆರಳು ಇಲ್ಲವೆನ್ನುವಷ್ಟು ಕಡಿಮೆ; ನಾಲ್ಕು ಅಂತಸ್ತಿನ ಗೋಡೆಯೂ ತನ್ನ ಬುಡದಲ್ಲಿ ಒಬ್ಬರು ನಿಲ್ಲುವಷ್ಟು ನೆರಳು ಕೊಡುವುದಿಲ್ಲ. ಆಗ ನೆರಳು ಕೊಡಬಲ್ಲದ್ದು ತಲೆಯ ಮೇಲೆ ಹರಡಿಕೊಂಡಿರುವ ವಸ್ತು ಮಾತ್ರ: ಮರದ ಕೊಂಬೆ, ಚಪ್ಪರ, ಕೊಡೆ. ಹಾಗಾಗಿ ಉದ್ದವಾದರೂ ಸಾಲುಮರದ ಅಡ್ಡರಸ್ತೆಯಲ್ಲೇ ಹೋಗಿ, ಮರವಿಲ್ಲದ ಮುಖ್ಯರಸ್ತೆಯ ಹತ್ತಿರದ ದಾರಿಯನ್ನು ಬಿಡಿ. ಜೊತೆಗೆ ಕೊಡೆ ಇರಲಿ. ಬಿಸಿಲಿಗೆ ಕೊಡೆ ಹಿಡಿಯಲು, ಅದರಲ್ಲೂ ಗಂಡಸರು, ಸಂಕೋಚಪಡುತ್ತಾರೆ. ನಮ್ಮ ಮದುವೆಯಲ್ಲೇ ಕಾಶೀಯಾತ್ರೆ ಎಂಬ ಶಾಸ್ತ್ರವಿದೆ. ಕಾಶಿಗೆ ಹೊರಟ ವರನ ಕೈಗೆ ಕೊಡುವುದು ಕೊಡೆ, ಬೀಸಣಿಗೆ, ಊರುಗೋಲು, ಕಾಲಿಗೆ ಪಾದುಕೆ. ಬೇಸಿಗೆಯಲ್ಲಿ ದೂರ ನಡೆಯುವವನಿಗೆ ಏನು ಬೇಕೆಂದು ಬಲ್ಲವರು ಜೋಡಿಸಿದ ಸಾಮಾನು ಅದು. ವರನಿಗೆ ಶೋಭಿಸುವ ಕೊಡೆ ಅತಿಥಿಗೂ ಶೋಭಿಸುತ್ತದೆ. ಪಾದುಕೆಯ ಮಾತೂ ಹಾಗೆಯೇ. ಛತ್ರದ ಬಾಗಿಲಲ್ಲಿ ಚಪ್ಪಲಿ ಬಿಟ್ಟು ಕಾದ ಕಲ್ಲುಹಾಸಿನ ಮೇಲೆ ಹತ್ತು ಹೆಜ್ಜೆ ಇಟ್ಟರೂ ಮಕ್ಕಳ, ಸಕ್ಕರೆ ಕಾಯಿಲೆಯವರ ಅಂಗಾಲಿಗೆ ಬೊಬ್ಬೆ ಬರಬಹುದು. ಸಕ್ಕರೆ ಕಾಯಿಲೆಯವರಿಗೆ ಕಾಲಿನ ಸ್ಪರ್ಶ ಮಂದವಾಗಿದ್ದರೆ ಸುಟ್ಟದ್ದೂ ಗೊತ್ತಾಗುವುದಿಲ್ಲ. ಹತ್ತಿಯ ಕಾಲುಚೀಲ ಜೊತೆಗಿರಲಿ. ಊಟ ಮುಗಿದ ಕೂಡಲೇ ಪರ ಊರಿನವರನ್ನು ದೊಡ್ಡ ಬಸವಣ್ಣನ ಗುಡಿಗೂ ಕಹಳೆ ಬಂಡೆಗೂ ಕರೆದೊಯ್ಯುವ ಉತ್ಸಾಹವನ್ನು ಐದು ಗಂಟೆಯವರೆಗೆ ತಡೆದಿಡುವುದು ಒಳ್ಳೆಯದು. ಗ್ರಾನೈಟ್ ಬಂಡೆ ಮಧ್ಯಾಹ್ನವೆಲ್ಲ ಕಾದಿರುತ್ತದೆ.

ಬಟ್ಟೆಯ ವಿಷಯಕ್ಕೆ ಬಂದರೆ ವಾದ ಸುಲಭವಲ್ಲ, ಏಕೆಂದರೆ ಮದುವೆಗೆ ಪಟ್ಟೆ ಉಡುವುದು ಅತಿಥಿ ತೋರಿಸುವ ಗೌರವವೂ ಹೌದು. ಪಟ್ಟೆ ಬಿಡಿ ಎಂದು ನಾನು ಹೇಳುವುದಿಲ್ಲ, ಯಾವ ಪಟ್ಟೆ ಎಂದು ಯೋಚಿಸಿ ಎನ್ನುತ್ತೇನೆ. ಮೈತುಂಬ ಜರಿ ನೇಯ್ದ ದಪ್ಪ ಕಂಚಿ ಸೀರೆಯಲ್ಲಿ ಗಾಳಿಯಾಡುವುದಿಲ್ಲ, ಬೆವರು ಆರಲು ದಾರಿ ಇಲ್ಲ. ಒಣಗಾಳಿಯ ಊರಿನ ದೊಡ್ಡ ಅನುಕೂಲವನ್ನೇ ಅದು ಮುಚ್ಚಿಹಾಕುತ್ತದೆ. 1912ರಲ್ಲಿ ಆರಂಭವಾದ ಮೈಸೂರಿನ ರೇಷ್ಮೆ ನೇಯ್ಗೆ ಕಾರ್ಖಾನೆಯ ಪರಂಪರೆಯ ಕ್ರೇಪ್ ಸೀರೆ ತೆಳು, ಮೈಗೆ ಹಗುರ, ಜರಿ ಅಂಚಿಗೆ ಸೀಮಿತ. ತೀರ ಹತ್ತಿರದವರು ಧಾರೆಗೆ ಇದನ್ನುಟ್ಟು, ಭಾರದ ಸೀರೆಯನ್ನು ಸಂಜೆಯ ಆರತಕ್ಷತೆಗೆ ಇಟ್ಟುಕೊಳ್ಳಬಹುದು. ಇಳಕಲ್ಲಿನ, ಉಡುಪಿಯ ಹತ್ತಿ ಸೀರೆ ಮದುವೆಗೆ ಕಡಿಮೆಯೆಂಬ ಭಾವನೆ ಹೋಗಬೇಕಾದದ್ದು. ಗಂಡಸರ ವಿಷಯದಲ್ಲಿ ನನಗೆ ಸಂಶಯವೇ ಇಲ್ಲ. ಹತ್ತಿಯ ಪಂಚೆ, ಹೆಗಲ ಮೇಲೊಂದು ಶಲ್ಯ, ಸಡಿಲ ಅಂಗಿ: ಈ ಹವೆಗೆ ಇದಕ್ಕಿಂತ ತಕ್ಕ ಉಡುಪು ಇಲ್ಲ. ಹೋಮದ ಬೆಂಕಿಯ ಎದುರು ಗಂಟೆಗಟ್ಟಲೆ ಕೂರುವ ಪುರೋಹಿತರು ಉಡುವುದೂ ಇದನ್ನೇ. ನಡುಹಗಲಲ್ಲಿ ಕೋಟು ತೊಟ್ಟು ಬರುವುದರಿಂದ ಮದುವೆಗೆ ಯಾವ ಕಳೆಯೂ ಹೆಚ್ಚುವುದಿಲ್ಲ. ಪುಟ್ಟ ಮಕ್ಕಳಿಗೆ ಪಾಲಿಯೆಸ್ಟರ್ ಅಸ್ತರಿನ ಶೇರ್ವಾನಿ, ಲಂಗ ತೊಡಿಸಿದವರು ಫೋಟೋ ಆದ ಕೂಡಲೇ ಬದಲಿಸಲು ಒಂದು ಹತ್ತಿ ಜೊತೆಯನ್ನು ಚೀಲದಲ್ಲಿಟ್ಟುಕೊಳ್ಳಲಿ. ಮಗು ಅಳುವುದು ಹಟಕ್ಕೆ ಎಂದುಕೊಳ್ಳುವ ಮೊದಲು ಅದರ ಬೆನ್ನು ಮುಟ್ಟಿ ನೋಡಬೇಕು.

ನೀರಿನ ವಿಷಯದಲ್ಲಿ ಯಾರೂ ಬಾಯಿ ಬಿಟ್ಟು ಹೇಳದ ಒಂದು ತೊಂದರೆಯಿದೆ. ಮದುವೆಯ ದಿನ ಹೆಂಗಸರು ಬೇಕೆಂದೇ ನೀರು ಕುಡಿಯುವುದಿಲ್ಲ. ಪಟ್ಟೆ ಸೀರೆಯಲ್ಲಿ ಶೌಚಾಲಯಕ್ಕೆ ಹೋಗುವುದು ಕಷ್ಟ, ಹಲವು ಛತ್ರಗಳಲ್ಲಿ ಅದರ ನೆಲ ಸದಾ ಒದ್ದೆ, ಮುಂದೆ ಸಾಲು ಬೇರೆ. ವಧುವಿನ ದೊಡ್ಡಮ್ಮ, ಚಿಕ್ಕಮ್ಮಂದಿರು ಬೆಳಗಿನ ಕಾಫಿಯ ಮೇಲೆ ಮಧ್ಯಾಹ್ನ ಎರಡರವರೆಗೆ ಓಡಾಡುತ್ತಾರೆ. ತಲೆನೋವು ಬಂದರೆ ಮಾತ್ರೆ ನುಂಗುತ್ತಾರೆ. ಆ ತಲೆನೋವಿಗೆ ಎಷ್ಟೋ ಸಲ ಬೇಕಾಗಿದ್ದದ್ದು ಎರಡು ಲೋಟ ನೀರು. ಇದಕ್ಕೆ ಪರಿಹಾರವಿರುವುದು ಅತಿಥಿಯ ಕೈಯಲ್ಲಲ್ಲ, ಛತ್ರ ಗೊತ್ತುಮಾಡುವವರ ಕೈಯಲ್ಲಿ. ಊಟದ ಮನೆಯನ್ನು ನೋಡುವಷ್ಟೇ ಮುತುವರ್ಜಿಯಿಂದ ಅವರು ಹೆಂಗಸರ ಶೌಚಾಲಯವನ್ನೂ ನೋಡಬೇಕು, ಅದನ್ನು ಒಣಗಿಸಿಡಲು ಇಡೀ ದಿನಕ್ಕೆ ಒಬ್ಬರನ್ನು ಕೂಲಿ ಕೊಟ್ಟು ಇಟ್ಟುಕೊಳ್ಳಬೇಕು. ಅತಿಥಿ ಮಾಡಬಹುದಾದದ್ದು, ಮನೆಯಿಂದ ಹೊರಡುವ ಮುನ್ನ ಎರಡು ಲೋಟ ಕುಡಿದು, ಆ ಮೇಲೆ ಬಾಯಾರಿಕೆಗೆ ಕಾಯದೆ ಅರ್ಧ ಗಂಟೆಗೊಮ್ಮೆ ಸ್ವಲ್ಪ ಸ್ವಲ್ಪ ಕುಡಿಯುವುದು. ಕಾಫಿಯ ಬಗ್ಗೆ ಭಯ ಬೇಡ. ದಿನವೂ ಕುಡಿಯುವವರಿಗೆ ಒಂದೆರಡು ಲೋಟ ಕಾಫಿ ನೀರನ್ನು ಬಸಿದುಬಿಡುವುದಿಲ್ಲ. ಆದರೆ ಅದು ನೀರಿಗೆ ಬದಲೂ ಅಲ್ಲ. ಮನೆಯಿಂದಲೇ ಸ್ಟೀಲಿನ ಬಾಟಲಿ ತನ್ನಿ. ಈ ಊರಿನ ಕಾವೇರಿ ನೀರು ತೊರೆಕಾಡನಹಳ್ಳಿಯಿಂದ ಸುಮಾರು 100 ಕಿಲೋಮೀಟರ್ ದೂರ, ಹೆಚ್ಚುಕಡಿಮೆ 500 ಮೀಟರ್ ಎತ್ತರಕ್ಕೆ ಪಂಪಿನಿಂದ ಏರಿ ಬರುತ್ತದೆ. ಊರಿನ ಎತ್ತರದ ಬೆಲೆಯನ್ನು ಪ್ರತಿ ಲೋಟವೂ ತೆರುತ್ತಿದೆ. 2024ರ ಮಾರ್ಚ್‌ನಲ್ಲಿ ಕುಡಿಯುವ ನೀರಿನಲ್ಲಿ ವಾಹನ ತೊಳೆದವರಿಗೆ ಜಲಮಂಡಳಿ ದಂಡ ಹಾಕಿದ ಊರಿದು. ಎರಡು ಗುಟುಕು ಕುಡಿದು ಕುರ್ಚಿಯ ಕೆಳಗೆ ಬಿಟ್ಟುಹೋಗುವ ಪ್ಲಾಸ್ಟಿಕ್ ಬಾಟಲಿಗಳನ್ನು ನೋಡಿದರೆ ಸಂಕಟವಾಗುತ್ತದೆ.

ಬಾಳೆಲೆಯ ಊಟದಲ್ಲೂ ಸ್ವಾಗತದ ಕ್ರಮದಲ್ಲೂ ಬೇಸಿಗೆಗೆ ಬೇಕಾದದ್ದು ಆಗಲೇ ಇದೆ. ಅದನ್ನು ಬಿಡದಿದ್ದರೆ ಸಾಕು. ಬಾಗಿಲಲ್ಲಿ ಪನ್ನೀರು ಎರಚುವುದನ್ನು ಈಗ ಬರೀ ಶಾಸ್ತ್ರವೆಂದು ಕೈ ಅಡ್ಡ ಮಾಡಿ ಮುಂದೆ ಹೋಗುವವರಿದ್ದಾರೆ. ಒಣಗಾಳಿಯಲ್ಲಿ ಮುಖದ ಮೇಲೆ ಬಿದ್ದ ನಾಲ್ಕು ಹನಿ ಆರುವಾಗ ಆಗುವ ತಂಪು ಕಲ್ಪನೆಯಲ್ಲ. ಮಣ್ಣಿನ ಹೂಜಿಯ ನೀರು ಮಂಗಳೂರಿಗಿಂತ ಬೆಂಗಳೂರಲ್ಲಿ ಹೆಚ್ಚು ತಣ್ಣಗಾಗುವುದೂ ಇದೇ ಕಾರಣಕ್ಕೆ. ಬೀಸಣಿಗೆಯೂ ಅಷ್ಟೆ: ಗಾಳಿ ಮೈಯ ಶಾಖಕ್ಕಿಂತ ತಣ್ಣಗಿದ್ದು ಒಣಗಿಯೂ ಇದ್ದರೆ ಬೀಸಿದಷ್ಟೂ ಉಪಯೋಗ. ಎಲೆಯ ಮೇಲೆ ಮೊದಲು ಬೀಳುವ ಉಪ್ಪು, ಸೌತೆಕಾಯಿ ಸೇರಿದ ಹೆಸರುಬೇಳೆ ಕೋಸಂಬರಿ, ಕೊನೆಗೆ ಬರುವ ಮಜ್ಜಿಗೆ ಬೆವರಿನಲ್ಲಿ ಕಳೆದ ಉಪ್ಪು ನೀರನ್ನು ತುಂಬಿಕೊಡುತ್ತವೆ. ಬೆಲ್ಲದ ಪಾನಕ ಕೊಟ್ಟರೆ ಬಾಟಲಿಯ ಪಾನೀಯ ಬಿಟ್ಟು ಅದನ್ನೇ ಕುಡಿಯಿರಿ. ಎರಡನೆಯ ಸಲ ಚಿರೋಟಿಗೆ ಬಾದಾಮಿ ಹಾಲು ಹಾಕಿಸಿಕೊಂಡವರು ಮಜ್ಜಿಗೆ ಅನ್ನಕ್ಕೆ ಹೊಟ್ಟೆಯಲ್ಲಿ ಜಾಗವಿಲ್ಲವೆಂದು ಏಳುತ್ತಾರೆ. ಬೇಸಿಗೆಯಲ್ಲಿ ಮಾತ್ರ ಸಿಹಿಯನ್ನು ಕಡಿಮೆ ಮಾಡಿಕೊಂಡಾದರೂ ಮಜ್ಜಿಗೆಗೆ ಕಾಯಬೇಕು. ಬೀಗರು ಕಟ್ಟಿಕೊಟ್ಟ ಕಾಯಿತುರಿ ಹಾಕಿದ ಪದಾರ್ಥಗಳನ್ನು ಬಿಸಿಲಲ್ಲಿ ನಿಂತ ಕಾರಿನಲ್ಲಿ ಸಂಜೆಯವರೆಗೆ ಇಟ್ಟು ರಾತ್ರಿ ತಿನ್ನುವುದು ಬೇಡ.

ವಯಸ್ಸಾದವರ ವಿಷಯದಲ್ಲಿ ಅತಿಥಿಗಳ ಲೆಕ್ಕಾಚಾರ ಹೆಚ್ಚು ಕಟ್ಟುನಿಟ್ಟಾಗಿರಬೇಕು. ವಯಸ್ಸಾದಂತೆ ಬಾಯಾರಿಕೆ ಮಂದವಾಗುತ್ತದೆ, ಬೆವರುವುದೂ ಕಡಿಮೆಯಾಗುತ್ತದೆ. ರಕ್ತದೊತ್ತಡಕ್ಕೆ ಮೂತ್ರ ಹೆಚ್ಚಿಸುವ ಮಾತ್ರೆ ತೆಗೆದುಕೊಳ್ಳುವವರು ಮದುವೆಗೆ ವಾರ ಮೊದಲೇ ವೈದ್ಯರನ್ನು ಕೇಳಿಕೊಳ್ಳಬೇಕು. ತಾವಾಗಿ ಮಾತ್ರೆ ಬಿಡಬಾರದು. ತಾತನನ್ನು ಕರೆದುಕೊಂಡು ಬರುವವರು ಕಾರನ್ನು ಛತ್ರದ ಬಾಗಿಲಿಗೆ ತಂದು ಇಳಿಸಿ, ಆ ಮೇಲೆ ನಿಲ್ಲಿಸಲು ಹೋಗಲಿ. ಮೊದಲ ಪಂಕ್ತಿಯಲ್ಲಿ ಊಟಕ್ಕೆ ಕೂರಿಸಲು ಯಜಮಾನರಿಗೆ ಮುಂಚೆಯೇ ಹೇಳಿಟ್ಟರೆ ಯಾರೂ ಬೇಡವೆನ್ನುವುದಿಲ್ಲ. ನಿಂತ ಕಾರಿನೊಳಗೆ ‘ಐದೇ ನಿಮಿಷ’ ಎಂದು ಮಗುವನ್ನಾಗಲಿ ಮುದುಕರನ್ನಾಗಲಿ ಬಿಡಲೇಬಾರದು. ಯಾರಾದರೂ ತಲೆ ಸುತ್ತಿ, ವಾಕರಿಕೆ ಬಂದು, ಕಾಲು ಸೆಳೆತವೆಂದು ಕೂತರೆ ನೆರಳಿಗೆ ತಂದು, ಮಲಗಿಸಿ ಕಾಲು ಎತ್ತರಿಸಿ, ಬಟ್ಟೆ ಸಡಿಲಿಸಿ, ಒದ್ದೆ ಟವೆಲ್ ಹಾಕಿ ಬೀಸಬೇಕು, ಉಪ್ಪು ಹಾಕಿದ ಮಜ್ಜಿಗೆಯನ್ನೋ ಓಆರ್‌ಎಸ್ ನೀರನ್ನೋ ಗುಟುಕು ಗುಟುಕಾಗಿ ಕುಡಿಸಬೇಕು. ಮಾತು ತೊದಲಿದರೆ, ಯಾರೆಂದು ಗುರುತು ಸಿಗದಂತಾದರೆ, ಪ್ರಜ್ಞೆ ತಪ್ಪಿದರೆ ಬಾಯಿಗೆ ಏನೂ ಹಾಕದೆ ಕೂಡಲೇ 108ಕ್ಕೆ ಕರೆ ಮಾಡಬೇಕು, ಗಾಡಿ ಬರುವವರೆಗೆ ಮೈಮೇಲೆ ನೀರು ಸುರಿದು ಬೀಸುತ್ತಲೇ ಇರಬೇಕು. ಪಟ್ಟೆ ಹಾಳಾಗುತ್ತದೆಂದು ಹಿಂಜರಿಯುವ ಹೊತ್ತಲ್ಲ ಅದು.

ಈಗಿನ ಛತ್ರಗಳಲ್ಲಿ ಹವಾನಿಯಂತ್ರಣ ಇದೆಯಲ್ಲ ಎಂದು ಕೇಳಬಹುದು. ಕೆಲವದರಲ್ಲಿ ಇದೆ, ಅದು ಒಳ್ಳೆಯದೇ. ಆದರೆ ಎಷ್ಟೋ ಕಡೆ ತಂಪಿರುವುದು ಮಂಟಪದ ಹಾಲಿಗೆ ಮಾತ್ರ. ಊಟದ ಮನೆ ನೆಲಮಾಳಿಗೆಯಲ್ಲೋ ತಗಡಿನ ಮಾಡಿನ ಕೆಳಗೋ ಇರುತ್ತದೆ, ಪಕ್ಕದಲ್ಲೇ ಅಡುಗೆಯ ಒಲೆ. ಪಂಕ್ತಿಗೆ ಕಾಯುವ ಮುಕ್ಕಾಲು ಗಂಟೆಯೂ ಊಟದ ಮನೆಯ ಮೆಟ್ಟಿಲ ಮೇಲೆಯೇ. ಹಾಲಿನಲ್ಲಿ ಕುರ್ಚಿ ಬಿಡದೆ ಕೂತು, ಜನ ತಗ್ಗಿದ ಮೇಲೆ ಏಳುವುದೇ ಸರಿ. ಅತಿಥಿಯ ಆರೈಕೆ ಕರೆದವರ ಜವಾಬ್ದಾರಿ, ಅತಿಥಿಗೆ ಏಕಿಷ್ಟು ಪಾಠ ಎಂಬ ಮಾತೂ ಬರುತ್ತದೆ. ಕರೆದವರು ಅಂದು ನಸುಕಿನ ನಾಲ್ಕಕ್ಕೆ ಎದ್ದವರು. ಕನ್ಯಾದಾನ ಮಾಡುವ ತಂದೆ ತಾಯಿ ಧಾರೆ ಮುಗಿಯುವವರೆಗೆ ಉಪವಾಸ. ನೂರಾರು ಜನರ ನಡುವೆ ಯಾರು ನೀರು ಕುಡಿದರು ಎಂದು ನೋಡುವ ಸ್ಥಿತಿಯಲ್ಲಿ ಅವರಿರುವುದಿಲ್ಲ. ತನ್ನ ಮತ್ತು ತನ್ನೊಡನೆ ಬಂದವರ ಮೈಯ ಜವಾಬ್ದಾರಿ ಹೊತ್ತು ಬರುವುದು ಅತಿಥಿ ಕೊಡಬಹುದಾದ ಒಳ್ಳೆಯ ಮುಯ್ಯಿ.

ಸಂಜೆಯ ಆರತಕ್ಷತೆಗೆ ಬರುವವರಿಗೆ ಬಿಸಿಲಿನ ಕಾಟವಿಲ್ಲ, ಆದರೆ ಮೇ ತಿಂಗಳಾದರೆ ಆಕಾಶ ನೋಡಿ ಹೊರಡಬೇಕು. ಮೇ ತಿಂಗಳ ಸರಾಸರಿ ಮಳೆ ನೂರು ಮಿಲಿಮೀಟರಿಗೂ ಹೆಚ್ಚು, ಅದು ಬರುವುದು ಬಹುಪಾಲು ಸಂಜೆಯ ಗುಡುಗು ಗಾಳಿಯ ಜೊತೆ. ಭರಣಿ ಮಳೆಯ ಸಮಯಕ್ಕೆ ಹಳೆಯ ಬಡಾವಣೆಗಳಲ್ಲಿ ಕೊಂಬೆ ಮುರಿದು ಬೀಳುವುದು ಪ್ರತಿವರ್ಷದ ಸುದ್ದಿ. ಮಧ್ಯಾಹ್ನ ನೆರಳಿಗಾಗಿ ಹುಡುಕಿದ ಅದೇ ಮರದ ಕೆಳಗೆ ಸಂಜೆ ಕಾರು ನಿಲ್ಲಿಸಬೇಡಿ, ಗಾಳಿ ಎದ್ದಾಗ ನಿಲ್ಲಲೂ ಬೇಡಿ.

ಇನ್ನು ಮದುವೆ ಗೊತ್ತುಮಾಡುವ ಮನೆಯವರಿಗೆ ಎರಡು ಮಾತು. ಮುಹೂರ್ತದ ಮುಂದೆ ಯಾವ ಅನುಕೂಲವೂ ನಿಲ್ಲದು ಎನ್ನುವುದನ್ನು ನಾನು ಗೌರವಿಸುತ್ತೇನೆ. 2024ರ ಮೇ, ಜೂನ್ ತಿಂಗಳಲ್ಲಿ ಗುರು, ಶುಕ್ರರ ಅಸ್ತದಿಂದಾಗಿ ಹೆಚ್ಚಿನ ಪಂಚಾಂಗಗಳು ಮದುವೆಗೆ ಮುಹೂರ್ತವನ್ನೇ ಕೊಡಲಿಲ್ಲ. ಸಾವಿರಾರು ಕುಟುಂಬಗಳು ದಿನ ಮುಂದೂಡಿದವು, ಮದುವೆಗಳು ನಿಲ್ಲಲಿಲ್ಲ. ಕಾಲಕ್ಕೆ ಹೊಂದಿಕೊಳ್ಳುವ ಶಕ್ತಿ ಈ ಪದ್ಧತಿಯೊಳಗೇ ಇದೆ. ಸೂರ್ಯ ಮೇಷದಲ್ಲಿರುವ ದಿನಗಳಲ್ಲಿ ಬೆಳಗ್ಗೆಯೇ ವೃಷಭ ಲಗ್ನ ಬರುತ್ತದೆ. ಸಂಜೆಗೆ ಗೋಧೂಳಿ ಲಗ್ನವೂ ಶಾಸ್ತ್ರ ಒಪ್ಪಿದ್ದೇ. ಜಾತಕ ನೋಡಲು ಕೂತಾಗ ‘ಇವೆರಡರಲ್ಲಿ ಯಾವುದಾದರೂ ಕೂಡಿಬರುತ್ತದೆಯೇ’ ಎಂದು ಪುರೋಹಿತರನ್ನು ಮೊದಲು ಕೇಳಿ. ಕೂಡಿಬರದೆ ನಡುಹಗಲ ಲಗ್ನವೇ ಗಟ್ಟಿಯಾದರೆ, ಕರೆಯೋಲೆಯಲ್ಲಿ ಧಾರೆಯ ಹೊತ್ತಿನ ಕೆಳಗೆ ತಿಂಡಿ ಎಷ್ಟರಿಂದ ಎಷ್ಟರವರೆಗೆ, ಮೊದಲ ಪಂಕ್ತಿ ಎಷ್ಟಕ್ಕೆ, ಹತ್ತಿರದ ಮೆಟ್ರೊ ನಿಲ್ದಾಣ ಯಾವುದು, ಊಟದ ನಂತರ ವಿಶ್ರಾಂತಿಗೆ ಕೋಣೆ ಇದೆಯೇ ಎಂಬ ನಾಲ್ಕು ಸಾಲನ್ನು ಅಚ್ಚು ಹಾಕಿಸಿ. ದೂರದಿಂದ ಬಂದ ಹಿರಿಯರು ಆ ಕೋಣೆಯಲ್ಲಿ ನಾಲ್ಕೂವರೆಯವರೆಗೆ ಮಲಗಿದ್ದು, ಬಿಸಿಲು ಓರೆಯಾದ ಮೇಲೆ ತಾಂಬೂಲದ ಚೀಲ ಹಿಡಿದು ಬಸ್ಸಿಗೆ ಹೊರಡಬಹುದು.